ಕವಲೇದುರ್ಗಕ್ಕೆ ಹೋದರೆ ಕೊಳಗಳ ಹತ್ತಿರ ಕೂತು ಬನ್ನಿ

ತೀರ್ಥಹಳ್ಳಿ ಹತ್ತಿರದ ಬೆಟ್ಟದ ಕೋಟೆ ಕವಲೇದುರ್ಗಕ್ಕೆ ಎಷ್ಟು ಹೊತ್ತು ಇಟ್ಟುಕೊಳ್ಳಬೇಕು ಅಂತ ಗೆಳೆಯರು ಕೇಳಿದರೆ ನಾನು ಈಗ ಒಂದೇ ಉತ್ತರ ಹೇಳುತ್ತೇನೆ: ಬೆಳಿಗ್ಗೆಯಿಂದ ಸಂಜೆವರೆಗೆ. ಎರಡು ತಾಸಿನಲ್ಲಿ ಹತ್ತಿ ಇಳಿಯಬಹುದು, ನಿಜ. ಮೊದಲ ಸಲ ನಾನೂ ಹಾಗೇ ಮಾಡಿದ್ದೆ. ಆಗುಂಬೆ, ಕುಂದಾದ್ರಿ, ಕವಲೇದುರ್ಗ ಮೂರನ್ನೂ ಒಂದೇ ದಿನಕ್ಕೆ ಹೊಂದಿಸಿಕೊಂಡು ಇಲ್ಲಿಗೆ ಬಂದು ಮುಟ್ಟಿದಾಗ ಮಧ್ಯಾಹ್ನ ಮೂರೂವರೆ. ದಡಬಡ ಹತ್ತಿದೆವು, ಫೋಟೋ ತೆಗೆದೆವು, ಕತ್ತಲಾಗುತ್ತೆ ಅಂತ ಓಡೋಡಿ ಇಳಿದೆವು. ಎಷ್ಟು ಕೊಳಗಳ ಪಕ್ಕದಲ್ಲಿ ಹಾದು ಬಂದೆವು ಅಂತ ಆಮೇಲೆ ಕೇಳಿದ್ದರೆ ನನ್ನಿಂದ ಹೇಳಲು ಆಗುತ್ತಿರಲಿಲ್ಲ.

ಈ ಸಲ ನವೆಂಬರ್ ಎರಡನೇ ವಾರ ಹೋದೆವು. ಅಕ್ಕ, ಭಾವ, ಹನ್ನೊಂದು ವರ್ಷದ ಅವರ ಮಗಳು ಮತ್ತು ನಾನು. ಆ ದಿನ ಬೇರೆ ಎಲ್ಲಿಗೂ ಹೋಗುವುದಿಲ್ಲ ಅಂತ ಮೊದಲೇ ಮಾತಾಡಿಕೊಂಡಿದ್ದೆವು.

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿ.ಮೀ. ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ಹೋಗುವ ದಾರಿ. ತುಂಗೆ ಆಗಾಗ ಪಕ್ಕದಲ್ಲೇ ಕಾಣುತ್ತಾಳೆ. ಮಂಡಗದ್ದೆಯಲ್ಲಿ ನದಿ ನಡುವಿನ ಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ, ಹಾಗಾಗಿ ನವೆಂಬರ್‌ನಲ್ಲಿ ಅಲ್ಲಿ ಹೊತ್ತು ಕಳೆಯಬೇಕಾಗಿಲ್ಲ. ತೀರ್ಥಹಳ್ಳಿಯಿಂದ ಕವಲೇದುರ್ಗ ಸುಮಾರು 18 ಕಿ.ಮೀ. ಶಿವಮೊಗ್ಗ–ತೀರ್ಥಹಳ್ಳಿ ನಡುವೆ ಬಸ್ಸಿಗೆ ಕೊರತೆಯಿಲ್ಲ. ಅಲ್ಲಿಂದ ಮುಂದಕ್ಕೆ ಬಸ್ಸು ಕಡಿಮೆ. ಸ್ವಂತ ಗಾಡಿ ಇಲ್ಲದಿದ್ದರೆ ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲೇ ಹೋಗುವ ಬಸ್ಸಿನ ಜೊತೆಗೆ ವಾಪಸ್ ಬರುವ ಬಸ್ಸಿನ ಹೊತ್ತನ್ನೂ ಕೇಳಿಕೊಳ್ಳಿ. ಆಟೋದಲ್ಲಿ ಹೋಗುವುದಾದರೆ ಸಂಜೆ ಕರೆದುಕೊಂಡು ಬರಲು ಅವರ ಹತ್ತಿರವೇ ಮಾತಾಡಿಕೊಳ್ಳಿ. ಬೆಟ್ಟದ ಬುಡದಲ್ಲಿ ನಿಂತು ಆಟೋ ಹುಡುಕುವ ಹಾಗಿಲ್ಲ.

ತಿಂಡಿಯನ್ನು ತೀರ್ಥಹಳ್ಳಿಯಲ್ಲೇ ಮುಗಿಸಿ. ಬಿಸಿ ಕಡುಬು ಸಿಕ್ಕರೆ ಬಿಡಬೇಡಿ. ಮಧ್ಯಾಹ್ನದ ಬುತ್ತಿಯನ್ನೂ ಕಟ್ಟಿಸಿಕೊಳ್ಳಿ, ಮೇಲೆ ಏನೂ ಸಿಗುವುದಿಲ್ಲ. ನಾವು ಮನೆಯಿಂದಲೇ ಚಿತ್ರಾನ್ನ, ಮೊಸರನ್ನ, ಮಿಡಿ ಉಪ್ಪಿನಕಾಯಿ ತಂದಿದ್ದೆವು. ನೀರು ಒಬ್ಬರಿಗೆ ಎರಡು ಲೀಟರ್ ಬೇಕು. ಕೊಳದ ನೀರು ತಿಳಿಯಾಗಿ ಕಂಡರೂ ಕುಡಿಯಬೇಡಿ.

ಊರಿನ ಹತ್ತಿರ ತಿಮ್ಮಣ್ಣನಾಯಕನ ಕೆರೆ ಇದೆ. ಹೆಚ್ಚಿನವರು ಗಾಡಿ ನಿಲ್ಲಿಸದೆ ಹೋಗಿಬಿಡುತ್ತಾರೆ. ನಾವು ಇಳಿದಾಗ ಕೆರೆ ಮೇಲೆ ಇನ್ನೂ ಮಂಜು ಕೂತಿತ್ತು. ಆಚೆ ದಡದ ಕಾಡು ಮೊದಲು ಕಾಣಲೇ ಇಲ್ಲ. ಬಿಸಿಲು ಏರಿದ ಹಾಗೆ ಒಂದೊಂದೇ ಮರ ಹೊರಗೆ ಬಂತು. ನಿಮ್ಮ ದಿನ ಇಲ್ಲಿಂದಲೇ ಶುರುವಾಗಲಿ. ಬೆಳಿಗ್ಗೆ ಎಂಟರೊಳಗೆ ಬಂದರೆ ಮಾತ್ರ ಈ ಮಂಜು ಸಿಗುತ್ತದೆ.

ಗಾಡಿ ನಿಲ್ಲಿಸಿದ ಮೇಲೆ ಸ್ವಲ್ಪ ದೂರ ಗದ್ದೆಯಂಚಿನ ನಡಿಗೆ. ಭತ್ತ ಹಣ್ಣಾಗಿತ್ತು. ಅಂಚು ಬಿಟ್ಟು ಗದ್ದೆಗೆ ಇಳಿಯಬೇಡಿ, ಅದು ಯಾರದೋ ವರ್ಷದ ಅನ್ನ. ಗದ್ದೆ ಮುಗಿದ ಕೂಡಲೇ ಕಾಡು, ಕಾಡಿನೊಳಗೆ ಕಲ್ಲು ಹಾಸಿದ ದಾರಿ. ಹಿಂದಿನ ಕಾಲದವರು ಹಾಸಿದ ಚಪ್ಪಡಿಗಳ ಮೇಲೇ ನಾವೂ ನಡೆಯುವುದು. ಏರು ಕಡಿದಾಗಿಲ್ಲ, ಆದರೆ ಮರಗಳ ನೆರಳಿನಲ್ಲಿ ಬಿಸಿಲು ಬೀಳದ ಕಡೆ ಕಲ್ಲು ಯಾವಾಗಲೂ ಜಾರುತ್ತದೆ. ಅಡಿಯಲ್ಲಿ ಚೆನ್ನಾಗಿ ಹಿಡಿತ ಇರುವ ಶೂ ಹಾಕಿಕೊಳ್ಳಿ. ಅಕ್ಕ ಸಾದಾ ಚಪ್ಪಲಿಯಲ್ಲಿ ಬಂದಿದ್ದಳು, ಇಳಿಯುವಾಗ ಎರಡು ಕಡೆ ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಇಳಿಯಬೇಕಾಯಿತು.

ಇದು ಮೂರು ಸುತ್ತಿನ ಕೋಟೆ. ಒಂದು ಹೆಬ್ಬಾಗಿಲು ದಾಟಿದರೆ ಮತ್ತೆ ಕಾಡಿನ ದಾರಿ, ಮೇಲೆ ಇನ್ನೊಂದು ಹೆಬ್ಬಾಗಿಲು. ಬಾಗಿಲುಗಳ ಎರಡೂ ಪಕ್ಕದಲ್ಲಿ ಕಾವಲಿನವರ ಕೋಣೆಗಳಿವೆ. ಈ ಮಲೆನಾಡನ್ನು ಆಳಿದ ಕೆಳದಿಯ ಅರಸ ವೆಂಕಟಪ್ಪ ನಾಯಕ (ಆಳ್ವಿಕೆ 1586–1629) ಇದನ್ನು ಬಲಪಡಿಸಿ ಭುವನಗಿರಿ ದುರ್ಗ ಅಂತ ಕರೆದ. 1763ರಲ್ಲಿ ಹೈದರಾಲಿ ಅವರ ರಾಜಧಾನಿ ಬಿದನೂರನ್ನು ಗೆದ್ದ ಮೇಲೆ ಕೆಳದಿಯವರ ಆಳ್ವಿಕೆಯೇ ಮುಗಿಯಿತು. ಆಮೇಲೆ ಗೋಡೆಗಳನ್ನು ಕಾಡು ತನ್ನದು ಮಾಡಿಕೊಂಡಿದೆ. ಕಲ್ಲಿನ ಸಂದಿಗಳಲ್ಲಿ ಮರದ ಬೇರು ಇಳಿದಿವೆ, ಗೋಡೆಯ ತಲೆ ಮೇಲೆ ಜರೀಗಿಡ.

ಈಗ ಕೊಳಗಳ ವಿಷಯಕ್ಕೆ ಬರುತ್ತೇನೆ. ಪಶ್ಚಿಮ ಘಟ್ಟದ ಈ ಭಾಗಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುವ ಮಳೆ ಎಷ್ಟು ಅಂತ ಎಲ್ಲರಿಗೂ ಗೊತ್ತು. ಇದೇ ತಾಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತ ಜಾಸ್ತಿ. ಆದರೆ ಬೆಟ್ಟದ ನೆತ್ತಿಯಲ್ಲಿ ನೀರು ನಿಲ್ಲುವುದಿಲ್ಲ, ಸುಮ್ಮನೆ ಇಳಿದು ಹೋಗುತ್ತದೆ. ಕೋಟೆಯೊಳಗೆ ಜನ, ಕುದುರೆ, ದೇವಸ್ಥಾನ, ಅಡುಗೆಮನೆ ಎಲ್ಲ ಇದ್ದಾಗ ಮಾರ್ಚ್, ಏಪ್ರಿಲ್‌ಗೆ ಏನು ಮಾಡುವುದು? ಅದಕ್ಕೇ ಹಂತಹಂತವಾಗಿ ನೀರು ಹಿಡಿದಿದ್ದಾರೆ. ಒಂದೊಂದು ಸುತ್ತಿನೊಳಗೂ ಕೊಳ. ಕೆಲವು ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು ಕಟ್ಟಿದವು, ಕೆಲವು ಬಂಡೆಯ ತಗ್ಗನ್ನೇ ಬಳಸಿಕೊಂಡವು. ನಾಗರ ಕಲ್ಲಿರುವ ಕೊಳ ಇದೆ. ಭೀಮ ಗದೆಯಿಂದ ಹೊಡೆದಾಗ ಆದದ್ದು ಅನ್ನುವ ಗದಾತೀರ್ಥ ಇದೆ.

ಮೇಲಿನ ಕೊಳದ ಪಕ್ಕ ಕೂತಾಗ ಭಾವ ಒಂದು ತೋರಿಸಿದರು. ಮಳೆ ನಿಂತು ತಿಂಗಳಾದರೂ ಕೊಳದ ಒಂದು ಮೂಲೆಯಲ್ಲಿ ಕಲ್ಲಿನ ಸಂದಿಯಿಂದ ನೀರು ಜಿನುಗಿ ಕೆಳಗಿನ ಇಳಿಜಾರಿಗೆ ಹೋಗುತ್ತಿತ್ತು. ಕಿವಿಗೊಟ್ಟರೆ ಸದ್ದು ಕೇಳುತ್ತಿತ್ತು. ಆ ನೀರು ಹಿಡಿದು ಕಣ್ಣಲ್ಲೇ ಕೆಳಗೆ ಹೋದರೆ ಎರಡು ಗುಡ್ಡಗಳ ನಡುವಿನ ಕಣಿವೆ, ಒತ್ತಾದ ಕಾಡು, ಅದರ ಬುಡದಲ್ಲಿ ಅಡಿಕೆ ತೋಟದ ತಲೆಗಳು. ಮಲೆನಾಡಿನಲ್ಲಿ ತೋಟ ಇರುವುದೇ ಇಂಥ ಕಣಿವೆಯ ಬುಡದಲ್ಲಿ ಅಲ್ವಾ, ಮೇಲಿನ ಕಾಡು ಕುಡಿದ ನೀರು ನಿಧಾನಕ್ಕೆ ಇಳಿದು ಬರುವ ಕಡೆ. ಇದನ್ನು ನೋಡಿದ ಮೇಲೆ ಕೊಳದಲ್ಲಿ ತೇಲುತ್ತಿದ್ದ ಚಿಪ್ಸ್ ಪ್ಯಾಕೆಟ್ಟು, ಪ್ಲಾಸ್ಟಿಕ್ ಬಾಟಲಿ ನನಗೆ ಬಹಳ ಸಂಕಟ ಕೊಟ್ಟವು. ಕೈಗೆ ಸಿಕ್ಕಷ್ಟನ್ನು ಚೀಲಕ್ಕೆ ಹಾಕಿಕೊಂಡು ತಂದೆವು. ದಯವಿಟ್ಟು ಒಂದು ಖಾಲಿ ಚೀಲ ಒಯ್ಯಿರಿ. ಕೊಳದಲ್ಲಿ ತಟ್ಟೆ ತೊಳೆಯುವುದು, ಸೋಪು ಹಾಕಿ ಕೈ ತೊಳೆಯುವುದು ಬೇಡವೇ ಬೇಡ.

ಕೊಳಕ್ಕೆ ಇಳಿಯುವುದೂ ಬೇಡ. ನಮ್ಮ ಹುಡುಗಿ ಮೀನು ನೋಡಲು ಮೂರನೇ ಮೆಟ್ಟಿಲಿಗೆ ಹೋದಳು, ಪಾಚಿ ಮೇಲೆ ಕಾಲಿಟ್ಟಳು, ಜಾರಿ ಮೊಣಕಾಲು ತರಚಿತು. ಭಾವ ಕೈ ಹಿಡಿದುಕೊಂಡಿದ್ದರಿಂದ ಅಷ್ಟಕ್ಕೇ ಮುಗಿಯಿತು. ಹುಲ್ಲು ಹೊರೆ ಹೊತ್ತು ಬರುತ್ತಿದ್ದ ಊರಿನವರೊಬ್ಬರು ನಿಂತು, "ಮಕ್ಕಳನ್ನ ಕೊಳದ ಬದಿ ಬಿಡಬೇಡಿ ಮಾರಾಯ್ರೆ, ಆಳ ಎಷ್ಟಿದೆ ಅಂತ ನಮಗೇ ಗೊತ್ತಿಲ್ಲ" ಅಂದರು. ಮೇಲೆ ಮೊಬೈಲ್ ಸಿಗ್ನಲ್ ಬಂದು ಬಂದು ಹೋಗುತ್ತದೆ. ಗಾಯಕ್ಕೆ ಹಚ್ಚುವ ಮುಲಾಮು, ಬಟ್ಟೆಪಟ್ಟಿ ಚೀಲದಲ್ಲಿ ಇರಲಿ.

ಮೆಟ್ಟಿಲಿನ ಮೇಲ್ಗಡೆ ಅಲುಗಾಡದೆ ಕೂತರೆ ಕಾಡು ತಾನಾಗಿ ಹತ್ತಿರ ಬರುತ್ತದೆ. ಮೊದಲ ಕಾಲು ಗಂಟೆ ನಮಗೆ ಕುಟ್ರು ಹಕ್ಕಿಯ ಕೂಗು ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ ಮಿಂಚುಳ್ಳಿ ಬಂತು. ಎದುರಿನ ಮರದಲ್ಲಿ ಕೆಂದಳಿಲು ಕಾಣಿಸಿತು, ಉದ್ದ ಬಾಲ ಇಳಿಬಿಟ್ಟು ಕೊಂಬೆಗೆ ಒರಗಿ ಏನನ್ನೋ ತಿನ್ನುತ್ತಿತ್ತು. ಗುಂಪಿನಲ್ಲಿ ಹಾಡು ಹಾಕಿಕೊಂಡು ಬಂದವರು ಹೋಗುವವರೆಗೆ ಅದು ಎಲೆಗಳ ಹಿಂದೆ ಸರಿದು ಕೂತಿತ್ತು, ಮತ್ತೆ ಹೊರಗೆ ಬಂತು. ಸ್ಪೀಕರ್ ಮನೆಯಲ್ಲೇ ಇರಲಿ. ಶನಿವಾರ, ಭಾನುವಾರ ಬಿಟ್ಟು ಬಂದರೆ ಇನ್ನೂ ಒಳ್ಳೆಯದು. ನಾವು ಹೋದದ್ದು ಬುಧವಾರ. ಇಡೀ ದಿನದಲ್ಲಿ ಇಪ್ಪತ್ತು ಜನ ಸಿಕ್ಕಿರಬಹುದು.

ಕಾಶಿ ವಿಶ್ವನಾಥ ದೇವಸ್ಥಾನದ ಹತ್ತಿರ ಬುತ್ತಿ ಬಿಚ್ಚಿದೆವು. ಮಂಗಗಳಿದ್ದರೆ ಊಟ ಹೊರಗೆ ತೆಗೆಯಬೇಡಿ, ಅವಕ್ಕೆ ಹಾಕಲೂಬೇಡಿ. ಪಕ್ಕದ ಅರಮನೆಯ ಜಾಗದಲ್ಲಿ ಈಗ ಉಳಿದಿರುವುದು ಜಗಲಿ, ಕಂಬದ ಬುಡಗಳು, ಕಲ್ಲಿನ ಒಲೆ, ನೀರು ಹರಿಯಲು ಮಾಡಿದ ಕಾಲುವೆಗಳು. ಆ ಒಲೆಯನ್ನು ಅಕ್ಕ ಬಹಳ ಹೊತ್ತು ನೋಡಿದಳು. ಅಲ್ಲಿಂದ ನೆತ್ತಿಯ ಪುಟ್ಟ ಶಿವನ ಗುಡಿಗೆ ಕೊನೆಯ ಏರು, ಬರೀ ಬಂಡೆ. ನೆರಳಿಲ್ಲದ ಜಾಗ ಇದೊಂದೇ, ಟೋಪಿ ಬೇಕು. ಗಾಳಿ ಜೋರು. ಪಶ್ಚಿಮಕ್ಕೆ ಬೆಟ್ಟಗಳ ಸಾಲು, ನಡುವೆ ವಾರಾಹಿಯ ಹಿನ್ನೀರು. ಸೂರ್ಯ ಮುಳುಗುವುದನ್ನು ನೋಡಬೇಕು ಅಂತ ಎಲ್ಲರಿಗೂ ಆಸೆಯಾಗುತ್ತದೆ. ನೀವು ನೋಡಬೇಡಿ ಅಂತಲೇ ನನ್ನ ಸಲಹೆ. ಬಯಲಿನಲ್ಲಿ ಬೆಳಕಿದ್ದರೂ ಮರಗಳ ಕೆಳಗಿನ ಕಲ್ಲುದಾರಿಯಲ್ಲಿ ಅಷ್ಟು ಹೊತ್ತಿಗೆ ಪೂರ್ತಿ ಕತ್ತಲೆ. ನಾಲ್ಕೂವರೆಗೆ ಇಳಿಯಲು ಶುರು ಮಾಡಿ.

ಯಾವ ತಿಂಗಳು ಒಳ್ಳೆಯದು? ಅಕ್ಟೋಬರ್ ಕೊನೆಯಿಂದ ಡಿಸೆಂಬರ್. ಕೊಳ ತುಂಬಿರುತ್ತದೆ, ಮಳೆ ಬಿಟ್ಟಿರುತ್ತದೆ. ಜೋರು ಮಳೆಯಲ್ಲಿ ಕಾಡು ಚೆಂದ, ಆದರೆ ಕಲ್ಲು ತುಂಬಾ ಅಪಾಯ, ಇಂಬಳಗಳೂ (ಜಿಗಣೆ) ಬಹಳ. ಇಂಬಳಕ್ಕೆ ಹೆದರಬೇಕಾಗಿಲ್ಲ. ಒಂದು ಬಟ್ಟೆಯಲ್ಲಿ ಉಪ್ಪು ಕಟ್ಟಿಕೊಂಡು ಹೋಗಿ, ಹತ್ತಿದ ಕಡೆ ಮುಟ್ಟಿಸಿದರೆ ಬಿಡುತ್ತದೆ. ಸ್ವಲ್ಪ ರಕ್ತ, ಎರಡು ದಿನ ತುರಿಕೆ, ಅಷ್ಟೇ.

ನಾನು ನಿಜವಾಗಿ ಎಚ್ಚರಿಸುವುದು ಮೈಗೆ ಅಂಟಿ ರಕ್ತ ಹೀರುವ ಉಣುಗಿನ (ಉಣ್ಣೆಯ) ಬಗ್ಗೆ. ಎಳೆಯ ಉಣುಗು ಸಾಸಿವೆ ಕಾಳಿಗಿಂತ ಸಣ್ಣದು, ಕಣ್ಣಿಗೆ ಬೀಳುವುದೇ ಇಲ್ಲ. ಮಂಗನ ಕಾಯಿಲೆ ಹರಡುವುದು ಅದರಿಂದ. 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ರೋಗ ಇದು. ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯವರಿಗೆ ಇದರ ನೋವು ಚೆನ್ನಾಗಿ ಗೊತ್ತು. ಇದು ಜಾಸ್ತಿಯಾಗುವುದು ಒಣ ತಿಂಗಳುಗಳಲ್ಲಿ, ಜನವರಿಯಿಂದ ಮೇವರೆಗೆ. ಆಗ ಹೋಗುವುದಾದರೆ ಊರಿನವರನ್ನು, ಅಲ್ಲಿನ ಆಶಾ ಕಾರ್ಯಕರ್ತೆಯರನ್ನು ಮೊದಲು ಕೇಳಿ. ಎಲ್ಲಾದರೂ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ. ಉದ್ದ ತೋಳಿನ ಅಂಗಿ, ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಂಡು ನಡೆಯಿರಿ. ತರಗೆಲೆ ಮೇಲೆ ಕೂರಬೇಡಿ, ಮಲಗಬೇಡಿ. ಉಣುಗು ಬಾರದಂತೆ ಹಚ್ಚಿಕೊಳ್ಳುವ ಎಣ್ಣೆ ಇದೆ, ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ನಾವು ನವೆಂಬರ್‌ನಲ್ಲಿ ಹೋಗಿದ್ದರೂ ಇದನ್ನೆಲ್ಲ ಪಾಲಿಸಿದೆವು.

ಮನೆಗೆ ಬಂದ ಮೇಲೆ ಬಟ್ಟೆಗಳನ್ನು ಹಾಸಿಗೆ ಮೇಲೆ ಹಾಕದೆ ನೇರ ಬಿಸಿನೀರಿಗೆ ಹಾಕಿ. ಬಿಸಿನೀರಲ್ಲೇ ಸ್ನಾನ ಮಾಡಿ ಕಂಕುಳು, ಮೊಣಕಾಲ ಹಿಂಭಾಗ, ಕಿವಿಯ ಹಿಂದೆ ನೋಡಿಕೊಳ್ಳಿ. ಒಂದೆರಡು ವಾರದೊಳಗೆ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ "ತೀರ್ಥಹಳ್ಳಿ ಕಾಡಿಗೆ ಹೋಗಿದ್ದೆ" ಅಂತ ಮರೆಯದೆ ಹೇಳಿ. ಬೆಂಗಳೂರಿನಲ್ಲಿ ಕೂತ ಡಾಕ್ಟರಿಗೆ ನೀವು ಹೇಳದೆ ಅದು ಹೊಳೆಯುವುದು ಕಷ್ಟ.

ವಯಸ್ಸಾದವರು ಬರಬಹುದೇ ಅಂತ ಹಲವರು ಕೇಳುತ್ತಾರೆ. ಬರಬಹುದು. ಅವಸರ ಮಾಡದಿದ್ದರೆ ಸಾಕು. ಮಂಡಿನೋವು ಇದ್ದವರು ಎರಡನೇ ಹೆಬ್ಬಾಗಿಲ ಒಳಗಿನ ಕೊಳದವರೆಗೆ ಹೋಗಿ ಅಲ್ಲೇ ಕೂರಲಿ. ಮುಂದೆ ಹತ್ತದಿದ್ದರೂ ನಷ್ಟವಿಲ್ಲ. ನಾವು ಇಳಿಯುವಾಗ ಆ ಕೊಳದ ಬಳಿ ಮತ್ತೆ ಹತ್ತು ನಿಮಿಷ ನಿಂತೆವು. ಬಿಸಿಲು ಹೋಗಿತ್ತು, ನೀರು ಕಪ್ಪಾಗಿತ್ತು. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡ ಹುಡುಗಿ ಈ ಸಲ ಮೆಟ್ಟಿಲಿಗೆ ಇಳಿಯದೆ ಗೋಡೆ ಬದಿಯಲ್ಲೇ ನಿಂತು, "ಮಾಮ, ಸುಮ್ನಿರು, ನೀರು ಹೋಗೋ ಸದ್ದು ಇಲ್ಲೂ ಕೇಳ್ತಿದೆ" ಅಂದಳು.