ಮಜುರ್ಕಾ ಕುಣಿದಿದ್ದೀಯಾ?

ಭಾನುವಾರ ಪೋಲೆಂಡಿನ ವಾರ್ಸಾದ ವಾಜಿಯೆಂಕಿ ಪಾರ್ಕಿನಲ್ಲಿ ಪಕ್ಕ ಕೂತಿದ್ದ ಅಜ್ಜಿ ಕೇಳಿದ್ದು ಇಷ್ಟೇ: "ನೀನು ಯಾವತ್ತಾದರೂ ಮಜುರ್ಕಾ ಕುಣಿದಿದ್ದೀಯಾ?" ಮಜುರ್ಕಾ ಅಂದರೆ ಪೋಲೆಂಡಿನ ಮೂರರ ತಾಳದ ಜನಪದ ಕುಣಿತ, ಆ ಧಾಟಿಯಲ್ಲಿ ಬರೆದ ಪಿಯಾನೊ ಕೃತಿಗೂ ಅದೇ ಹೆಸರು. ಇವತ್ತು ಗುರುವಾರ. ಪ್ರಶ್ನೆ ಇನ್ನೂ ಕಿವಿಯಲ್ಲೇ ಇದೆ.

ಬೇಸಿಗೆಯ ಭಾನುವಾರಗಳಲ್ಲಿ ಅಲ್ಲಿ ಪೋಲೆಂಡಿನ ಸಂಗೀತಗಾರ ಶೋಪಾನ್ ಪ್ರತಿಮೆಯ ಹತ್ತಿರ ಪಿಯಾನೊ ಕಛೇರಿ ಇರುತ್ತದೆ. ಟಿಕೆಟ್ ಇಲ್ಲ. ಜನ ಮಕ್ಕಳು ಮರಿ ಕಟ್ಟಿಕೊಂಡು ಬಂದು ಹುಲ್ಲಿನ ಮೇಲೆ ಕೂತುಬಿಡುತ್ತಾರೆ. ಆ ಪ್ರತಿಮೆಯನ್ನು 1940ರಲ್ಲಿ ಜರ್ಮನ್ನರು ಸಿಡಿಸಿ ಹಾಕಿದ್ದರು. ಊರಿನವರು 1958ರಲ್ಲಿ ಮತ್ತೆ ನಿಲ್ಲಿಸಿದರು, ಮರುವರ್ಷವೇ ಈ ಕಛೇರಿಗಳನ್ನು ಶುರು ಮಾಡಿದರು. ಈ ಜನರ ಹಟ ನನಗೆ ತುಂಬಾ ಇಷ್ಟವಾಯಿತು.

ಮಜುರ್ಕಾ ಒಂದು ಮುಗಿದಿತ್ತು. ನನ್ನ ಬೆರಳು ತೊಡೆಯ ಮೇಲೆ ಆಡುತ್ತಿದ್ದದ್ದನ್ನು ಅಜ್ಜಿ ನೋಡಿರಬೇಕು, ಪಿಯಾನೊ ನುಡಿಸ್ತೀಯಾ ಅಂದರು. ಹೌದು, ಬೆಂಗಳೂರಲ್ಲಿ ಕಲಿತೆ, ಇದನ್ನೇ ಗ್ರೇಡ್ ಪರೀಕ್ಷೆಗೆ ನುಡಿಸಿದ್ದೆ, ಒಳ್ಳೇ ಮಾರ್ಕ್ಸ್ ಬಂದಿತ್ತು ಅಂದೆ. ಆಗ ಬಂತು ಆ ಪ್ರಶ್ನೆ. ಇಲ್ಲ ಅಂದೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡು ಎರಡು ಬೆರಳಲ್ಲಿ ತಟ್ಟಿದರು. ಒಂದು ಹಗುರವಾಗಿ. ಎರಡು ಭಾರವಾಗಿ, ಅಲ್ಲೇ ಒಂಚೂರು ತಡೆದು, ಆಮೇಲೆ ಮೂರು. ಮತ್ತೆ ತಟ್ಟಿದರು, ಈ ಸಲ ಭಾರ ಮೂರನೆಯದರ ಮೇಲೆ. "ಕಾಲು ಇಲ್ಲಿ ನೆಲಕ್ಕೆ ಬೀಳತ್ತೆ," ಅಂದರು, ತಮಗೆ ಬರುವ ಅಷ್ಟಿಷ್ಟು ಇಂಗ್ಲಿಷಿನಲ್ಲಿ.

ನಂಗೆ ಕಲಿಸಿದ ಟೀಚರ್ ತುಂಬಾ ಒಳ್ಳೆಯವರು, ಶಿಸ್ತಿನವರು. ಟಕ್ ಟಕ್ ಅಂತ ಲಯ ತೋರಿಸುವ ಮೆಟ್ರೊನೋಮ್ ಇಟ್ಟು ಒಂದ್ ಎರಡ್ ಮೂರ್ ಅಂತ ಎಣಿಸಿಸಿ ಬೆರಳು ತಿದ್ದಿದರು. ಆದರೆ ಇದು ಕುಣಿತ, ಯಾರದ್ದೋ ಕಾಲು ಇದರ ಒಳಗಿದೆ ಅಂತ ಇಷ್ಟು ವರ್ಷದಲ್ಲಿ ಯಾರೂ ಹೇಳಲಿಲ್ಲ. ಪರೀಕ್ಷೆಯಲ್ಲಿ ಅದನ್ನು ಕೇಳುವುದೂ ಇಲ್ಲ. ನಮ್ಮೂರ ಕಡೆ ಕೋಲಾಟದವರಿಗೆ ತಾಳ ಬರೆದುಕೊಟ್ಟು ಕಲಿಸಿದ್ದನ್ನು ನಾನು ಕಂಡಿಲ್ಲ, ಜೊತೆಗೆ ನಿಂತು ಹೊಡೆದೇ ಕಲಿಯುತ್ತಾರೆ. ಶೋಪಾನ್ ಕೂಡ ಹಾಗೇ ಕಲಿತದ್ದು ಅಲ್ವಾ? 1824ರಲ್ಲಿ, ಮತ್ತೆ 1825ರಲ್ಲಿ, ಬೇಸಿಗೆ ರಜೆಗೆ ಶಾಫಾರ್ನ್ಯಾ ಅನ್ನೋ ಹಳ್ಳಿಗೆ ಹೋಗಿದ್ದ ಹುಡುಗ ಅಲ್ಲಿನವರ ಹಾಡು ಕುಣಿತ ಕೇಳಿಸಿಕೊಂಡು ಬಂದ.

ಅವರ ಕಾಲದ ದೊಡ್ಡ ಸಂಗೀತಗಾರರಿಗೇ ಈ ಲೆಕ್ಕ ಸಿಗುತ್ತಿರಲಿಲ್ಲ. ಒಮ್ಮೆ ಶೋಪಾನ್ ಶಿಷ್ಯನೊಬ್ಬನಿಗೆ ಮಜುರ್ಕಾ ಪಾಠ ಹೇಳುತ್ತಿದ್ದ ಹೊತ್ತಿಗೆ ಒಪೆರಾ ಬರೆಯುತ್ತಿದ್ದ ಮೇಯರ್‌ಬೇರ್ ಬಂದು, ಇದು ಎರಡರ ತಾಳ ಅಂದರಂತೆ. ಮೂರರದ್ದು ಅಂತ ಶೋಪಾನ್ ಸಿಟ್ಟಿಗೆದ್ದು ಕೂಗಾಡಿದರಂತೆ. ಪಾಠ ಹೇಳಿಸಿಕೊಳ್ಳುತ್ತಿದ್ದ ಶಿಷ್ಯನೇ ಇದನ್ನು ಬರೆದಿಟ್ಟಿದ್ದಾನೆ. ಮೊದಲು ಓದಿದಾಗ ಇಷ್ಟಕ್ಕೆಲ್ಲ ಸಿಟ್ಟು ಯಾಕೆ ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ. 1830ರ ನವೆಂಬರ್ 2ಕ್ಕೆ, 20ನೇ ವಯಸ್ಸಿನಲ್ಲಿ ಊರು ಬಿಟ್ಟ ಮನುಷ್ಯ. ಆ ತಿಂಗಳ ಕೊನೆಗೆ ಇಲ್ಲಿ ದಂಗೆ ಎದ್ದಿತು, ಆಮೇಲೆ ವಾಪಸ್ ಬರೋದಕ್ಕೇ ಆಗಲಿಲ್ಲ. ಪ್ಯಾರಿಸ್‌ನಲ್ಲಿ ಕೂತು ಕೊನೆವರೆಗೂ ಮಜುರ್ಕಾ ಬರೆಯುತ್ತಲೇ ಇದ್ದರು, ಒಟ್ಟು 50ಕ್ಕೂ ಜಾಸ್ತಿ. ಅದರ ತಾಳವೇ ತಪ್ಪು ಅಂದರೆ ಯಾರಿಗೆ ತಡೆದುಕೊಳ್ಳೋದಕ್ಕೆ ಆಗತ್ತೆ?

ವಾರ್ಸಾಕ್ಕೆ ಬಂದವರೆಲ್ಲ ಹೋಲಿ ಕ್ರಾಸ್ ಚರ್ಚಿಗೆ ಹೋಗುತ್ತಾರೆ. ಶೋಪಾನ್ ತೀರಿಕೊಂಡ ಮೇಲೆ ಅಕ್ಕ ಲುದ್ವಿಕಾ ತಂದ ಅವರ ಹೃದಯ ಅಲ್ಲಿನ ಕಂಬದೊಳಗಿದೆ, ದೇಹ ಪ್ಯಾರಿಸ್‌ನಲ್ಲಿ. ನಾನೂ ಹೋಗಿದ್ದೆ, ಕಣ್ಣು ತುಂಬಿ ಬಂತು. ಆದರೂ ಪಿಯಾನೊ ಕಲಿಯುವವಳಿಗೆ ಬೇಕಾದದ್ದು ನನಗೆ ಸಿಕ್ಕಿದ್ದು ಪಾರ್ಕಿನಲ್ಲೇ.

ಮಜುರ್ಕಾ ಪೋಲೆಂಡಿನವರ ರಕ್ತದಲ್ಲೇ ಇರಬೇಕು ಅಂತ ಹಾಸ್ಟೆಲ್‌ನಲ್ಲಿ ಒಬ್ಬ ವಾದ ಮಾಡಿದ. ನಾನು ಒಪ್ಪಲ್ಲ. ಇಲ್ಲಿನ ಶೋಪಾನ್ ಸ್ಪರ್ಧೆಯಲ್ಲಿ ಮಜುರ್ಕಾಗೆ ಅಂತಲೇ ಒಂದು ಬಹುಮಾನ ಇದೆ. 1955ರಲ್ಲಿ ಅದು ಹೋದದ್ದು ಚೀನಾದ ಫು ತ್ಸಾಂಗ್‌ಗೆ. 1980ರಲ್ಲಿ ವಿಯೆಟ್ನಾಂನ ಡಾಂಗ್ ಥಾಯ್ ಸನ್ ಮೊದಲ ಬಹುಮಾನದ ಜೊತೆ ಅದನ್ನೂ ಗೆದ್ದರು. ರಕ್ತದಲ್ಲೇ ಇರಬೇಕು ಅಂತಿದ್ದರೆ ಆ ಅಜ್ಜಿಯಾದರೂ ನನ್ನ ಕೈ ಹಿಡಿದು ಯಾಕೆ ತೋರಿಸುತ್ತಿದ್ದರು?

ಮುಂದಿನ ಕಾರ್ಯಕ್ರಮಕ್ಕೆ ನಾನು ಶೋಪಾನ್‌ರ ಬಲ್ಲಾಡ್ ಅನ್ನೋ ದೊಡ್ಡ ಕೃತಿ ನುಡಿಸೋದು ಅಂತಿತ್ತು. ಅದನ್ನು ತೆಗೆದು ಮಜುರ್ಕಾ ಹಾಕಿ ಅಂತ ಟೀಚರ್‌ಗೆ ಮೆಸೇಜ್ ಮಾಡಿದ್ದೇನೆ. ಅದಕ್ಕೆ ಚಪ್ಪಾಳೆ ಕಡಿಮೆ ಬರತ್ತೆ ನೋಡು ಅಂತ ಉತ್ತರ ಬಂದಿದೆ. ಕಡಿಮೆನೇ ಬರಲಿ, ನಂಗೆ ಅದನ್ನೇ ನುಡಿಸಬೇಕು.