ಆ್ಯಪ್ ಇದ್ದರೂ ಹೂವಿನವಳಿಗೆ ಯಾಕೆ ಕಾಯ್ತೀರಿ?

ಮನೆಗೆ ಬಂದವರೆಲ್ಲ ಒಂದಲ್ಲ ಒಂದು ಸಲ ಕೇಳುತ್ತಾರೆ. ಹತ್ತು ನಿಮಿಷದಲ್ಲಿ ಬಾಗಿಲಿಗೇ ಎಲ್ಲ ಬರುತ್ತೆ, ನೀವ್ಯಾಕೆ ಇನ್ನೂ ಸಂಜೆ ಗೇಟ್ ಹತ್ರ ನಿಂತು ಹೂವಿನವಳಿಗೆ ಕಾಯ್ತೀರಿ? ಹಳೇದೆಲ್ಲ ಚಿನ್ನ ಅಂತಾನಾ?

ಖಂಡಿತ ಅಲ್ಲ. ನಾನು ಬೆಳೆದದ್ದು ಮೈಸೂರಿನ ಒಂದು ವಠಾರದಲ್ಲಿ. ನಮ್ಮ ಹಾಲಿನವನು ನೀರು ಬೆರೆಸುತ್ತಿದ್ದ, ಅದು ವಠಾರಕ್ಕೆಲ್ಲ ಗೊತ್ತಿತ್ತು. ಅಜ್ಜಿ ಹೆಬ್ಬೆರಳ ಉಗುರಿನ ಮೇಲೆ ಒಂದು ಹನಿ ಬಿಟ್ಟುಕೊಳ್ಳುತ್ತಿದ್ದರು. ಗಟ್ಟಿ ಹಾಲಾದರೆ ಹನಿ ನಿಲ್ಲುತ್ತೆ, ನೀರಾದರೆ ಜಾರಿಹೋಗುತ್ತೆ. "ಏನಯ್ಯಾ, ನಿನ್ನ ಹಸು ಬಾವಿಗೆ ಬಿದ್ದಿತ್ತಾ?" ಅವನು ನಗುತ್ತಲೇ, "ಮಳೆಗಾಲ ಅಲ್ವಾ ಅಮ್ಮಾವ್ರೇ, ಹಸಿ ಹುಲ್ಲು ಮೇಯ್ದ್ರೆ ಹಾಲು ತೆಳ್ಳಗಾಗುತ್ತೆ" ಅನ್ನುತ್ತಿದ್ದ. ಬೇಸಿಗೆಗೆ ಬೇರೆ ಕಾರಣ ಇರುತ್ತಿತ್ತು. ಪಾವಿನಲ್ಲಿ ಅಳೆದು ಮುಗಿಸಿದ ಮೇಲೆ ಇನ್ನೊಂದು ಚೂರು ಸುರಿಯಲೇಬೇಕು, ಅದು ಕೊಸರು. ದೇಶಕ್ಕೆ ಲೀಟರು, ಕಿಲೋ ತಂದ ಕಾಯ್ದೆ ಆದದ್ದು 1956ರಲ್ಲಿ. ನಮ್ಮ ಬಾಗಿಲಲ್ಲಿ ಮಾತ್ರ ಪಾವು ಅದಾದ ಮೇಲೂ ಎಷ್ಟೋ ವರ್ಷ ನಡೆಯಿತು.

ನಂದಿನಿ ಪ್ಯಾಕೆಟ್ ಬಂತು, ನೀರಿನ ಜಗಳ ಮುಗಿಯಿತು. ಒಳ್ಳೆಯದೇ ಆಯ್ತು. ಅರ್ಧ ಲೀಟರ್ ಅಂದರೆ ಅರ್ಧ ಲೀಟರ್. ಕೊಸರೂ ಅಲ್ಲಿಗೆ ಮುಗಿಯಿತು.

ಈಗ ಸಿಗದಿರುವುದು ಜಗಳ ಆಡುವ ಸಲಿಗೆ. ಹಾಲು ಬಾರದ ದಿನಕ್ಕೆ ಕ್ಯಾಲೆಂಡರಿನಲ್ಲಿ ಸೊನ್ನೆ ಸುತ್ತಿ ಇಟ್ಟಿರುತ್ತಿದ್ದೆವು. ತಿಂಗಳ ಕೊನೆಗೆ ಸೊನ್ನೆ ಮೂರಾ ನಾಲ್ಕಾ ಅಂತ ಅರ್ಧ ಗಂಟೆ ವಾದ, ಅದರ ನಡುವೆ ಅವನಿಗೊಂದು ಲೋಟ ಕಾಫಿ (ಅವನದೇ ಹಾಲಿನದು!). ಈಗಿನ ಡೆಲಿವರಿ ಹುಡುಗನ ಜೊತೆ ಏನಂತ ಜಗಳ ಆಡೋದು? ಬೆಲೆ ಅವನದಲ್ಲ, ಅಳತೆ ಅವನದಲ್ಲ, ನಾಳೆ ಬರುವವನೂ ಅವನಲ್ಲ. ಹಾಲಿನವನು ಎರಡು ದಿನ ಕಾಣದಿದ್ದರೆ ಅಜ್ಜಿ ನನ್ನನ್ನು ಅವನ ಮನೆಗೆ ಅಟ್ಟುತ್ತಿದ್ದರು, ಏನಾಯ್ತು ನೋಡಿಕೊಂಡು ಬಾ ಅಂತ. ಈ ಹುಡುಗ ಬೈಕಿನಿಂದ ಬಿದ್ದು ಮಲಗಿದರೂ ನಮಗೆ ತಿಳಿಯೋದಿಲ್ಲ. ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕೆಲಸಗಾರರಿಗೆ, ಅಂದರೆ ಆ್ಯಪ್‌ಗಳಿಗೆ ದುಡಿಯುವ ಇಂಥವರಿಗೆ ಅಂತಲೇ ಒಂದು ಕಾಯ್ದೆ ಬಂದಿದೆ. ಪ್ರತಿ ವಹಿವಾಟಿನಲ್ಲಿ ಅವರಿಗೆ ಸಿಗುವ ಹಣದ ಶೇ 1ರಿಂದ 5ರಷ್ಟನ್ನು ಕಂಪನಿ ಬೇರೆಯಾಗಿ ಅವರ ಕಲ್ಯಾಣಕ್ಕೆ ಕಟ್ಟಬೇಕು. ಅಜ್ಜಿ ಮಾಡುತ್ತಿದ್ದ ವಿಚಾರಣೆಯನ್ನು ಈಗ ಸರ್ಕಾರ ಮಾಡಬೇಕಾಗಿದೆ ನೋಡಿ.

ಇನ್ನು ಹೂವಿನವಳು. ಮೊಳ ಅಂದರೆ ಮೊಣಕೈಯಿಂದ ನಡುಬೆರಳ ತುದಿವರೆಗೆ, ಅದೂ ಅವಳದೇ ಕೈ. ಅಳೆದ ಮೇಲೆ ದಾರ ಕತ್ತರಿಸುವ ಮುಂಚೆ ನಾಲ್ಕು ಬೆರಳು ಜಾಸ್ತಿ ಬಿಡುತ್ತಾಳೆ. ಹೋದ ತಿಂಗಳು ಅವಳಿಗೆ ಜ್ವರ. ಏಳನೇ ಕ್ಲಾಸಿನ ಮಗಳು ಬುಟ್ಟಿ ಹೊತ್ತು ಬಂದಿದ್ದಳು. "ನಿನ್ನ ಮೊಳ ಚಿಕ್ಕದು ಕಣೇ" ಅಂದೆ ಸುಮ್ನೆ ರೇಗಿಸೋಕೆ. "ನೀವೇ ಅಳೆದುಕೊಳ್ಳಿ ಆಂಟಿ" ಅಂತ ಇಡೀ ದಂಡೆಯನ್ನೇ ನನ್ನ ಕೈಗೆ ಕೊಟ್ಟಳು.

ಆ್ಯಪ್‌ನಲ್ಲೂ "ಮಲ್ಲಿಗೆ, 1 ಮೊಳ" ಅಂತ ಇದೆ. ಯಾರ ಮೊಳ ಅಂತ ಬರೆದಿಲ್ಲ.