ಕೆರ್ರಿಯಲ್ಲಿ ದೊಡ್ಡ ಸುತ್ತು ಬಿಟ್ಟು ಸಣ್ಣ ಸುತ್ತು ಹೊಡೆದೆವು
13 ಜೂನ್ 2025, ಶುಕ್ರವಾರ. ಡಿಂಗಲ್, ಕೌಂಟಿ ಕೆರ್ರಿ

ರಾತ್ರಿ ಹತ್ತಾಗುತ್ತಾ ಬಂತು, ಹೊರಗೆ ಇನ್ನೂ ಬೆಳಕಿದೆ. ಯಜಮಾನರು ಸುಸ್ತಾಗಿ ಮಲಗಿದ್ದಾರೆ. ನನಗೆ ನಿದ್ದೆ ಬರ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಐರ್ಲೆಂಡ್‌ಗೆ ಬರೋದು ಅಂತ ತೀರ್ಮಾನ ಆದ ದಿನದಿಂದ ಮನೆಯಲ್ಲಿ ಒಂದೇ ಚರ್ಚೆ, ಯಾವ ಕಡಲ ದಾರಿ ಅಂತ. ಪಶ್ಚಿಮ ಕರಾವಳಿ ಪೂರ್ತಿ ವೈಲ್ಡ್ ಅಟ್ಲಾಂಟಿಕ್ ವೇ. 2014ರಲ್ಲಿ ಹಾಗಂತ ಹೆಸರಿಟ್ಟು, ಉದ್ದಕ್ಕೂ ಬೋರ್ಡ್ ನೆಟ್ಟು, ಉತ್ತರದ ಡೊನೆಗಾಲ್‌ನಿಂದ ಕಾರ್ಕ್‌ನ ಕಿನ್ಸೇಲ್ ತನಕ ಸುಮಾರು 2,500 ಕಿ.ಮೀ. ಮಾಡಿಬಿಟ್ಟಿದ್ದಾರೆ. ಒಂದು ವಾರದ ರಜೆಯಲ್ಲಿ ಅದನ್ನು ಮುಗಿಸ್ತೀವಿ ಅನ್ನೋರು ಕಾರಿಂದ ಇಳಿಯೋದೇ ಬೇಡ, ಅಷ್ಟೇ.

ನನಗೆ ಮೊದಲು ಆಸೆ ಇದ್ದದ್ದು ಉತ್ತರದ ಕಾಸ್‌ವೇ ಕೋಸ್ಟಲ್ ರೂಟ್ ಮೇಲೆ. ಬೆಲ್‌ಫಾಸ್ಟ್‌ನಿಂದ ಡೆರಿ ತನಕ, ಮಧ್ಯೆ ಜೈಂಟ್ಸ್ ಕಾಸ್‌ವೇಯ ಆ ಆರು ಮೂಲೆಯ ಕಪ್ಪು ಕಲ್ಲುಕಂಬಗಳು. ಆದರೆ ಅದು ಉತ್ತರ ಐರ್ಲೆಂಡ್, ಅಂದರೆ ಯು.ಕೆ.ಗೆ ಸೇರಿದ್ದು. ನಮ್ಮದು ಭಾರತದ ಪಾಸ್‌ಪೋರ್ಟ್, ಇರೋದು ಜರ್ಮನಿಯಲ್ಲಿ. ಒಂದೇ ವೀಸಾದಲ್ಲಿ ಓಡಾಡುವ ಯುರೋಪಿನ ಷೆಂಗನ್ ದೇಶಗಳ ಒಳಗೆ ಐರ್ಲೆಂಡ್ ಇಲ್ಲ, ಹಾಗಾಗಿ ಇಲ್ಲಿಗೇ ಬೇರೆ ವೀಸಾ ಮಾಡಿಸಿಕೊಂಡು ಬಂದಿದ್ದೇವೆ. ಆ ವೀಸಾ ಹಿಡ್ಕೊಂಡು ಉತ್ತರಕ್ಕೆ ಹೋಗುವ ಹಾಗಿಲ್ಲ. ಗಡಿಯಲ್ಲಿ ಗೇಟಿಲ್ಲ, ಯಾರೂ ನಿಲ್ಲಿಸಲ್ಲ, ಸ್ಪೀಡ್ ಬೋರ್ಡಿನಲ್ಲಿ ಕಿಲೋಮೀಟರ್ ಹೋಗಿ ಮೈಲಿ ಬರುತ್ತೆ ಅಷ್ಟೇ. ಆದರೂ ಕಾನೂನು ಕಾನೂನೇ. "ಯಾರು ನೋಡ್ತಾರೆ, ಸುಮ್ನೆ ಹೋಗಿ ಬನ್ನಿ" ಅಂತ ಸ್ನೇಹಿತರೊಬ್ಬರು ಹೇಳಿದರು. ಅಂಥ ಧೈರ್ಯ ನಮಗಿಲ್ಲ, ಬೇಕಾಗಿಯೂ ಇಲ್ಲ. (ಭಾರತದಲ್ಲೇ ಕೂತು ಅರ್ಜಿ ಹಾಕುವವರಿಗೆ ಎರಡೂ ಕಡೆ ನಡೆಯುವ ಬ್ರಿಟಿಷ್-ಐರಿಷ್ ವೀಸಾ ಸ್ಕೀಮ್ ಇದೆ. ಆದರೆ ಅದರ ಮುದ್ರೆ ವೀಸಾ ಮೇಲೆ ಇದೆಯಾ ನೋಡ್ಕೊಳ್ಳಿ.)

ಹಾಗಾಗಿ ಉಳಿದದ್ದು ಐರ್ಲೆಂಡಿನ ನೈಋತ್ಯ ಮೂಲೆಯ ಕೆರ್ರಿ. ಇಲ್ಲಿ ಎರಡು ಸುತ್ತು. ರಿಂಗ್ ಆಫ್ ಕೆರ್ರಿ ಹೆಸರುವಾಸಿ, ಕಿಲಾರ್ನಿಯಿಂದ ಹೊರಟು ಅಲ್ಲಿಗೇ ಬರೋದು, 179 ಕಿ.ಮೀ. ಇನ್ನೊಂದು ಡಿಂಗಲ್ ಊರಿನಿಂದ ಸ್ಲೇ ಹೆಡ್ ಡ್ರೈವ್, 50 ಕಿ.ಮೀ.ಗಿಂತ ಕಡಿಮೆ.

ಯಜಮಾನರ ವಾದ ಏನಂದರೆ, ಮೊದಲ ಸಲ ಬಂದವರು ಹೆಸರುವಾಸಿಯಾದದ್ದನ್ನೇ ನೋಡಬೇಕು, ಮುಂದೆ ಯಾರಾದರೂ ಕೇಳಿದರೆ ಏನು ಹೇಳೋದು ಅಂತ. ನನ್ನದು ಬರೀ ಗಂಟೆಯ ಲೆಕ್ಕ. 179 ಕಿ.ಮೀ. ಅಂದರೆ ಹೈವೇಯಲ್ಲಿ ಎರಡು ಗಂಟೆ, ಈ ದಾರಿಯಲ್ಲಿ ನಿಲ್ಲಿಸದೆ ಓಡಿಸಿದರೇ ಮೂರೂವರೆ ಗಂಟೆ ಹಿಡಿಯುತ್ತೆ. ನಿಲ್ಲಿಸಿ ನಿಲ್ಲಿಸಿ ಹೋದರೆ ದಿನ ಪೂರ್ತಿ. ಜೊತೆಗೆ ಬಸ್ಸುಗಳ ಕಾಟ. ಟೂರ್ ಬಸ್ಸುಗಳೆಲ್ಲ ಅಪ್ರದಕ್ಷಿಣೆಯಾಗಿ ಸುತ್ತುತ್ತವೆ, ಇಕ್ಕಟ್ಟಿನಲ್ಲಿ ಎದುರುಬದುರಾಗಬಾರದು ಅಂತ. ನಾವೂ ಹಾಗೇ ಹೋದರೆ ದಿನವಿಡೀ ಬಸ್ಸಿನ ಬೆನ್ನು ನೋಡಬೇಕು. ಉಲ್ಟಾ ಹೋದರೆ ತಿರುವಿನಲ್ಲಿ ಅದೇ ಬಸ್ಸುಗಳು ಮುಖಕ್ಕೆ ಬರುತ್ತವೆ. ಎರಡರಲ್ಲಿ ಯಾವುದು ಒಳ್ಳೇದು ಅಂತ ಕೇಳಿದರೆ ನಾನು ಮನೆಯಲ್ಲೇ ಇರ್ತೀನಿ ಅಂದೆ.

ಕೊನೆಗೆ ಸ್ಲೇ ಹೆಡ್ ಗೆದ್ದಿತು.

ಇವತ್ತು ಬೆಳಿಗ್ಗೆ ಎಂಟಕ್ಕೇ ಕಿಲಾರ್ನಿ ಬಿಟ್ಟೆವು. ಬಾಡಿಗೆ ಕಾರಿಗೆ ಆಟೋಮ್ಯಾಟಿಕ್ ಕೇಳಿದರೆ ಜಾಸ್ತಿ ದುಡ್ಡು, ಅದಕ್ಕೇ ಗೇರ್ ಗಾಡಿಯನ್ನೇ ತಗೊಂಡಿದ್ದು. ಇಲ್ಲಿ ನಮ್ಮೂರಿನ ಹಾಗೆ ಎಡಗಡೆ ಓಡಿಸೋದು. ಇಷ್ಟು ವರ್ಷ ಜರ್ಮನಿಯಲ್ಲಿ ಬಲಗಡೆ ಓಡಿಸಿದ ಮನುಷ್ಯನಿಗೆ ಶಿವಮೊಗ್ಗದಲ್ಲಿ ಕಲಿತ ಡ್ರೈವಿಂಗ್ ಹತ್ತು ನಿಮಿಷದಲ್ಲಿ ವಾಪಸ್ ಬಂತು. ಆಗುಂಬೆ ಘಾಟಿ ಹತ್ತಿ ಇಳಿದವರಿಗೆ ಇಲ್ಲಿನ ತಿರುವುಗಳು ದೊಡ್ಡ ವಿಷಯವಲ್ಲ. ಕಷ್ಟ ಇರೋದು ಅಗಲದಲ್ಲಿ. ಎರಡೂ ಕಡೆ ಫ್ಯೂಷಿಯಾ ಹೂಗಿಡದ ಬೇಲಿ ಒತ್ತಿಕೊಂಡು ನಿಂತಿರುತ್ತೆ, ನೋಡೋಕೆ ಹಸಿರು, ಅದರೊಳಗೆ ಕಲ್ಲಿನ ಗೋಡೆ.

ಡಿಂಗಲ್ ತಲುಪುವ ಮುಂಚೆ ಬೋರ್ಡುಗಳಿಂದ ಡಿಂಗಲ್ ಅನ್ನುವ ಹೆಸರೇ ಮಾಯ. ಇದು ಐರಿಷ್ ಮಾತಾಡುವ ಪ್ರದೇಶ, ಬೋರ್ಡ್ ಮೇಲೆ ಊರ ಹೆಸರು ಐರಿಷ್‌ನಲ್ಲಿ ಮಾತ್ರ. "ಆನ್ ಡಾಂಗಿನ್" ಅಂತ ಕಂಡರೆ ಅದೇ ಡಿಂಗಲ್. ಮೊದಲೇ ಗೊತ್ತಿದ್ದರೆ ಗಾಬರಿ ಇಲ್ಲ.

ಸ್ಲೇ ಹೆಡ್ ಅನ್ನು ಎಲ್ಲರೂ ಪ್ರದಕ್ಷಿಣೆಯಾಗಿ ಸುತ್ತುತ್ತಾರೆ. ಎಡಗಡೆ ಓಡಿಸುವ ದೇಶದಲ್ಲಿ ಪ್ರದಕ್ಷಿಣೆ ಅಂದರೆ ಸಮುದ್ರ ಪೂರ್ತಿ ಎಡಕ್ಕೆ, ಅಂದರೆ ನನ್ನ ಕಿಟಕಿಗೆ. ಎಂಥಾ ನೋಟ! ಎಂಥಾ ಭಯ ಕೂಡ, ಯಾಕಂದ್ರೆ ಕೆಲವು ಕಡೆ ಕಿಟಕಿಯಿಂದ ಬಗ್ಗಿದರೆ ಮೊಣಕಾಲೆತ್ತರದ ಗೋಡೆ, ಅದರ ಕೆಳಗೆ ನೇರ ನೀರು. ಒಂದು ಕಡೆ ತೊರೆಯೊಂದು ರಸ್ತೆ ಮೇಲೇ ಹರಿದು ಹೋಗುತ್ತೆ, ಸೇತುವೆ ಗೀತುವೆ ಇಲ್ಲ, ಎಲ್ಲರೂ ಅದರೊಳಗೇ ಕಾರು ಇಳಿಸುತ್ತಾರೆ.

ಕೂಮಿನೂಲ್ ಕಡಲ ತೀರದಲ್ಲಿ ಇಳಿದೆವು, ಅಲೆ ಜೋರಿತ್ತು, ನೀರಿಗಿಳಿಯಲಿಲ್ಲ. ಎದುರಿಗೆ ಬ್ಲಾಸ್ಕೆಟ್ ದ್ವೀಪಗಳು. ಗ್ರೇಟ್ ಬ್ಲಾಸ್ಕೆಟ್‌ನಲ್ಲಿ ಉಳಿದಿದ್ದ ಕೆಲವೇ ಜನರನ್ನು 1953ರಲ್ಲಿ ಸರ್ಕಾರ ಈಚೆ ದಡಕ್ಕೆ ಕರೆತಂದಿತು. ಹವೆ ಕೆಟ್ಟರೆ ದಿನಗಟ್ಟಲೆ ದೋಣಿ ಇಲ್ಲ, ಡಾಕ್ಟರಿಲ್ಲ, ಹುಡುಗರೆಲ್ಲ ಊರು ಬಿಟ್ಟಿದ್ದರು. ದಡದಿಂದ ನೋಡಿದರೆ ಈಜಿ ಹೋಗಬಹುದೇನೋ ಅನ್ನುವಷ್ಟು ಹತ್ತಿರ ಕಾಣುತ್ತೆ. ಡನ್‌ಕ್ವಿನ್‌ನಲ್ಲಿ ದೋಣಿಕಟ್ಟೆಗೆ ಇಳಿಯುವ ಅಂಕುಡೊಂಕು ದಾರಿಯ ಮೇಲೆ ತುಂಬಾ ಹೊತ್ತು ನಿಂತಿದ್ದೆ. ನಿಜ ಹೇಳಬೇಕಂದರೆ ಇವತ್ತಿನ ದಿನ ನನಗೆ ಇಷ್ಟವಾದದ್ದು ಕಾರು ಓಡಿದ ಹೊತ್ತಲ್ಲ, ಈ ನಿಂತ ಹೊತ್ತು. ದೊಡ್ಡ ಸುತ್ತಿನಲ್ಲಿ "ಬೇಗ ಹತ್ತು, ಇನ್ನೂ ನೂರು ಕಿ.ಮೀ. ಇದೆ" ಅಂತ ಕೂಗು ಬರುತ್ತಿತ್ತು, ಅಲ್ವಾ?

ಗ್ಯಾಲರಸ್‌ನ ಹಳೇ ಪ್ರಾರ್ಥನಾ ಮಂದಿರ ನೋಡಿದೆವು. ಗಾರೆಯೇ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿದ್ದಾರೆ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಒಣಗಿತ್ತು.

ರಿಂಗ್ ಆಫ್ ಕೆರ್ರಿಯ ಒಂದು ತುಂಡನ್ನು ನಿನ್ನೆ ನೋಡಿಯಾಗಿದೆ, ಅದನ್ನೂ ಹೇಳಿಬಿಡ್ತೀನಿ. ಕಿಲಾರ್ನಿಯಿಂದ ಲೇಡೀಸ್ ವ್ಯೂ, ಮೋಲ್ಸ್ ಗ್ಯಾಪ್ ದಾಟಿ ಕೆನ್‌ಮೇರ್ ತನಕ ಹೋಗಿ ಅದೇ ದಾರಿಯಲ್ಲಿ ವಾಪಸ್. ಕಡಲಿಲ್ಲ, ಕೆರೆ ಮತ್ತು ಗುಡ್ಡ. ಅರ್ಧ ದಿನಕ್ಕೆ ಅಷ್ಟು ಸಾಕು. "ರಿಂಗ್ ಆಫ್ ಕೆರ್ರಿ ನೋಡಿದ್ವಿ" ಅಂತ ಯಜಮಾನರು ಊರಲ್ಲಿ ಹೇಳ್ಕೊಳ್ಳಬಹುದು, ಸುಳ್ಳೇನಲ್ಲ.

ನಾಳೆ ಉತ್ತರಕ್ಕೆ, ಕ್ಲೇರ್ ಕಡೆಗೆ. ಕಾನರ್ ಪಾಸ್ ಅನ್ನುವ ಗುಡ್ಡದ ದಾರಿ ಹತ್ತಿ ಇಳಿಯಬೇಕಂತ ನನಗಿದೆ. ಎರಡು ಟನ್‌ಗಿಂತ ಭಾರದ ಗಾಡಿಗೆ ಅಲ್ಲಿ ಪ್ರವೇಶವಿಲ್ಲ, ನಮ್ಮ ಪುಟ್ಟ ಕಾರಿಗೆ ಅಡ್ಡಿಯಿಲ್ಲ. ಆದರೆ ಸಂಜೆಯಿಂದ ಆ ಗುಡ್ಡಕ್ಕೆ ಮಂಜು ಕವಿದಿದೆ. ಬೆಳಿಗ್ಗೆಯೂ ಹೀಗೇ ಇದ್ದರೆ ದೊಡ್ಡ ರಸ್ತೆಯಲ್ಲೇ ಟ್ರಲೀ, ಅಲ್ಲಿಂದ ಟಾರ್ಬರ್ಟ್. ಅಲ್ಲಿ ಕಾರನ್ನೇ ಫೆರಿಗೆ ಹತ್ತಿಸಿ ಶಾನನ್ ನದಿ ದಾಟೋದು, 20 ನಿಮಿಷ. ಲಿಮರಿಕ್ ಸುತ್ತಿಕೊಂಡು ಹೋಗುವ ಡ್ರೈವ್‌ಗೆ ಈ ಸಲ ಇಬ್ಬರೂ ಬೇಡ ಅಂದಿದ್ದೇವೆ, ಚರ್ಚೆಯೇ ಇಲ್ಲದೆ.